ತರಚಿದ ಗಾಯಕ್ಕೆ ಏನು ಹಚ್ಬೋದು? ಗೊತ್ತಿರೋರು ಅನುಭವ ಹೇಳಿ

ನಮ್ಮನೆಯವ್ರು ಸಿಲ್ಕ್ ಬೋರ್ಡ್ ಹತ್ರ ಗಾಡಿ ಸ್ಕಿಡ್ ಆಗಿ ಬಿದ್ದು ಮೊಣಕಾಲು ಮೊಣಕೈ ಎಲ್ಲ ತರಚ್ಕೊಂಡಿದೆ. ಡ್ರೆಸಿಂಗ್ ಮಾಡ್ಸಿ ಟಿಟಿ ಹಾಕ್ಸಿದೀವಿ. ಅತ್ತೆ ಅರಿಶಿನ ಹಚ್ಚು ಅಂತಾರೆ, ಪಕ್ಕದ್ಮನೆ ಆಂಟಿ ಲೋಳೆಸರ ಅಂತಾರೆ. ಮಾಡಿ ನೋಡಿದವ್ರು ಹೇಳ್ತೀರಾ ಪ್ಲೀಸ್?

— ಟಿಟಿ ಹಾಕ್ಸಿದ್ದು ಒಳ್ಳೇದಾಯ್ತು ಮೇಡಂ, ರೋಡಿನ ಮಣ್ಣಲ್ಲೇ ಧನುರ್ವಾಯು ರೋಗಾಣು ಇರುತ್ತೆ. ಈಗ ಗಾಯ ಇನ್ನೂ ಹಸಿ ಇದೆಯಾ ಒಣಗಿದೆಯಾ ಅನ್ನೋದ್ರ ಮೇಲೆ ಎಲ್ಲ ನಿಂತಿದೆ. ಹಸಿ ಗಾಯದ ಮೇಲೆ ಪ್ಯಾಕೆಟ್ ಅರಿಶಿನ ಉದುರಿಸ್ಬೇಡಿ. ಅತ್ತೆ ಹೇಳೋದು ಸುಳ್ಳಲ್ಲ, ಗಾಯಕ್ಕೆ ಅರಿಶಿನ ಅಂತ 1995ರಲ್ಲಿ ಅಮೆರಿಕಾದಲ್ಲಿ ಪೇಟೆಂಟೇ ಕೊಟ್ಟಿದ್ರು, ನಮ್ಮ ದೇಶದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ನವ್ರು ಇದು ನಮ್ಮಲ್ಲಿ ತಲೆತಲಾಂತರದಿಂದ ಇರೋದು ಅಂತ ಹಳೇ ಗ್ರಂಥಗಳನ್ನೆಲ್ಲ ಮುಂದಿಟ್ಟು 1997ರಲ್ಲಿ ರದ್ದು ಮಾಡ್ಸಿದ್ರು, ಅದು ನನಗಂತೂ ತುಂಬಾ ಹೆಮ್ಮೆ. ಆದ್ರೆ ಅಂಗಡಿ ಪುಡೀಲಿ ಬಣ್ಣ ಬೆರೆಸಿರೋದೂ ಉಂಟು, ಮತ್ತೆ ಪುಡಿ ಅಂಟ್ಕೊಂಡು ಹಕ್ಕಳೆ ಕಟ್ಟಿದ್ರೆ ಒಳಗೆ ಕೀವಾದ್ರೂ ಕಾಣಲ್ಲ, ಸುತ್ತ ಕೆಂಪಾಗಿದ್ರೂ ಹಳದಿಯಲ್ಲಿ ಗೊತ್ತಾಗಲ್ಲ. ಲೋಳೆಸರ ಸಣ್ಣಪುಟ್ಟ ಸುಟ್ಟಗಾಯಕ್ಕೆ ತುಂಬಾ ಒಳ್ಳೇದು, ಒಣಗಿದ ತರಚು ಗಾಯಕ್ಕೂ ಹಚ್ಬೋದು, ಎಲೆ ಕುಯ್ದು ಸ್ವಲ್ಪ ಹೊತ್ತು ನಿಲ್ಸಿ ಆ ಹಳದಿ ಹಾಲು ಪೂರ್ತಿ ಸೋರಿದ್ಮೇಲೆ ತೊಳ್ದು ಒಳಗಿನ ತಿಳಿ ಲೋಳೆ ಮಾತ್ರ ತಗೋಬೇಕು, ಹಾಲು ತಗುಲಿದ್ರೆ ತುರಿಕೆ ಬರುತ್ತೆ.

— ನಮ್ಮ ತುಮಕೂರು ಕಡೆ ಹೊಲದ ಬದುವಲ್ಲಿ ಟ್ರೈಡಾಕ್ಸ್ ಅಂತ ಒಂದು ಕಳೆ ಗಿಡ, ಉದ್ದ ಕಡ್ಡಿ ತುದೀಲಿ ಹಳದಿ ನಡುವಿನ ಪುಟ್ಟ ಹೂವು ಬಿಡುತ್ತೆ. ಕುಡುಗೋಲು ತಾಕಿದ್ರೆ ಎಲೆ ಉಜ್ಜಿ ರಸ ಹಿಂಡೋದು, ರಕ್ತ ನಿಲ್ಲುತ್ತೆ. ಇಲಿಗಳ ಮೇಲಿನ ಪ್ರಯೋಗಗಳಲ್ಲೂ ಗಾಯ ಬೇಗ ಕೂಡಿದ್ದು ಕಂಡಿದೆಯಂತೆ. ಬೆಂಗಳೂರಲ್ಲೂ ಖಾಲಿ ಸೈಟ್‌ಗಳಲ್ಲಿ ಬೇಕಾದಷ್ಟಿದೆ, ಆದ್ರೆ ನಾಯಿ, ಮೋರಿ, ಕಸ ನೋಡಿದ್ರೆ ಇಲ್ಲಿಯ ಸೊಪ್ಪು ತೆರೆದ ಗಾಯಕ್ಕೆ ಬೇಡವೇ ಬೇಡ.

— ನಾನು ಒಂದೆಲಗದ ಪರ. ಗಾಂಧಿ ಬಜಾರಲ್ಲಿ ಕಟ್ಟು ಸಿಗುತ್ತೆ, ತಂಬುಳಿ ಮಾಡಿ ಊಟಕ್ಕೆ ಕೊಡಿ, ಹಚ್ಚೋಕೆ ಮಾತ್ರ ಅರೆದ ಸೊಪ್ಪು ಬೇಡ. ಅದ್ರಲ್ಲಿರೋ ಏಷಿಯಾಟಿಕೋಸೈಡ್ ಅನ್ನೋ ಅಂಶ ಚರ್ಮಕ್ಕೆ ಬಲ ಕೊಡೋ ಕೊಲಾಜನ್ ಅನ್ನೋ ಪ್ರೋಟೀನ್ ಬೆಳೆಯೋಕೆ ಸಹಾಯ ಮಾಡುತ್ತೆ ಅಂತ ಅದರ ಸಾರದ ಕ್ರೀಮ್ ಮೆಡಿಕಲ್ ಸ್ಟೋರಲ್ಲೇ ಬರುತ್ತೆ, ಚರ್ಮ ಪೂರ್ತಿ ಕೂಡಿದ್ಮೇಲೆ ಕಲೆಗೆ ಹಚ್ಚಿ. ಆಯುರ್ವೇದವೇ ಬೇಕು ಅಂದ್ರೆ ಮೆಜೆಸ್ಟಿಕ್ ಹತ್ರ ಧನ್ವಂತರಿ ರೋಡಲ್ಲಿ ಸರ್ಕಾರಿ ಆಯುರ್ವೇದ ಆಸ್ಪತ್ರೆ ಇದೆ, ಗಾಯ ನೋಡಿ ಬೇಕಿದ್ರೆ ಜಾತ್ಯಾದಿ ತೈಲ ಬರೆದು ಕೊಡ್ತಾರೆ. ಜಾಜಿ ಎಲೆ, ಬೇವಿನ ಜೊತೆ ಮೈಲುತುತ್ತವೂ (ತಾಮ್ರದ ಸಲ್ಫೇಟ್) ಬೀಳೋದ್ರಿಂದ ಮನೇಲಿ ಕಾಯಿಸೋ ಎಣ್ಣೆ ಅಲ್ಲ ಅದು.

— ಯಜಮಾನ್ರಿಗೆ ಶುಗರ್ ಇದೆಯಾ ಅಂತ ಯಾರೂ ಕೇಳಿಲ್ಲ. ಇದ್ರೆ ಡಾಕ್ಟ್ರನ್ನ ಕೇಳದೆ ಏನೂ ಹಚ್ಬೇಡಿ ಅಕ್ಕ. ಇಲ್ದಿದ್ರೂ ಗಾಯದ ಸುತ್ತ ಬಿಸಿಯಾಗಿ ಊದ್ಕೊಂಡ್ರೆ, ವಾಸನೆ ಬಂದ್ರೆ, ಜ್ವರ ಬಂದ್ರೆ ಅವತ್ತೇ ಕರ್ಕೊಂಡು ಹೋಗಿ.