ಫೇಟ್ ಸರಣಿ: ಎಲ್ಲಿಂದ ಆರಂಭಿಸಬೇಕು, ಕರ್ಣ ಎಲ್ಲಿ ಬರುತ್ತಾನೆ?

ಪ್ರಶ್ನೆ (ಮದ್ದೂರು, ಮಂಡ್ಯ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಮಾಂತ್ರಿಕರು ಪುರಾಣ, ಇತಿಹಾಸಗಳ ವೀರರನ್ನು ಆವಾಹಿಸಿ, ಬೇಡಿದ್ದನ್ನು ನೀಡುವ ಹೋಲಿ ಗ್ರೇಲ್ ಎಂಬ ಪಾತ್ರೆಗಾಗಿ ಪರಸ್ಪರ ಯುದ್ಧ ಮಾಡಿಸುವ ಫೇಟ್ ಎಂಬ ಜಪಾನಿನ ಅನಿಮೆಯನ್ನು (ಆನಿಮೇಷನ್ ಸರಣಿಯನ್ನು) ನೋಡಬೇಕೆಂದಿದ್ದೇನೆ. ಆದರೆ ಅದೇ ಹೆಸರಿನ ಸರಣಿಗಳು ಹಲವಿದ್ದು, ಯಾವುದು ಮೊದಲೆಂದು ತಿಳಿಯುತ್ತಿಲ್ಲ. ಇದರಲ್ಲಿ ನಮ್ಮ ಕರ್ಣನೂ ಇದ್ದಾನೆಂದು ಮೈಸೂರಿನಲ್ಲಿ ಓದುತ್ತಿರುವ ತಮ್ಮ ಹೇಳಿದ. ಊರಹಬ್ಬಗಳಲ್ಲಿ ಕುರುಕ್ಷೇತ್ರ ನಾಟಕವನ್ನು ಬೆಳಗಿನ ಜಾವದವರೆಗೆ ಕುಳಿತು ನೋಡಿ ಬೆಳೆದ ನನಗೆ, ಜಪಾನಿನವರು ಅವನ ಹೆಸರನ್ನಷ್ಟೇ ಬಳಸಿಕೊಂಡಿದ್ದಾರೋ, ಸ್ವಭಾವವನ್ನೂ ಉಳಿಸಿಕೊಂಡಿದ್ದಾರೋ ಎಂಬುದನ್ನು ತಿಳಿಯುವ ಆಸೆ.

ಉತ್ತರ 1 (ಸರಸ್ವತಿಪುರಂ, ಮೈಸೂರು)

ಫೇಟ್/ಜೀರೋದಿಂದ ಆರಂಭಿಸಿ. ಗೆನ್ ಉರೊಬುಚಿ ಬರೆದ ಕಾದಂಬರಿಯನ್ನು ಆಧರಿಸಿ ಯುಫೋಟೇಬಲ್ ಸಂಸ್ಥೆ 2011 ಮತ್ತು 2012ರಲ್ಲಿ ತಯಾರಿಸಿದ ಈ ಸರಣಿಯಲ್ಲಿ ಒಟ್ಟು 25 ಕಂತುಗಳಿವೆ. ಕಾಲಕ್ರಮದಲ್ಲಿ ಇದೇ ಮೊದಲಿನದು. ಮುಖ್ಯ ಕಥೆಯಾದ ಫೇಟ್/ಸ್ಟೇ ನೈಟ್‌ಗಿಂತ ಹತ್ತು ವರ್ಷ ಹಿಂದೆ ಗ್ರೇಲ್‌ಗಾಗಿ ನಡೆದ ನಾಲ್ಕನೆಯ ಯುದ್ಧವನ್ನು ಹೇಳುತ್ತದೆ. ಅಲೆಕ್ಸಾಂಡರ್ ಚಕ್ರವರ್ತಿಗೂ ಅವನನ್ನು ಆವಾಹಿಸಿದ ಪುಕ್ಕಲು ವಿದ್ಯಾರ್ಥಿ ವೇವರ್‌ಗೂ ನಡುವೆ ಬೆಳೆಯುವ ಸ್ನೇಹಕ್ಕಾಗಿಯಾದರೂ ಇದನ್ನು ನೋಡಲೇಬೇಕು.

ಉತ್ತರ 2 (ಮಂಡ್ಯ)

ಮೇಲಿನವರ ಅಭಿಮಾನ ನನಗೂ ಇದೆ, ಆದರೆ ಕ್ರಮವನ್ನು ಒಪ್ಪಲಾರೆ. ಟೈಪ್-ಮೂನ್ ಸಂಸ್ಥೆ 2004ರಲ್ಲಿ ಹೊರತಂದ ಫೇಟ್/ಸ್ಟೇ ನೈಟ್ ಎಂಬ ಆಟವೇ ಮೂಲ. ಅದರಲ್ಲಿ ಒಂದೇ ಯುದ್ಧ ಮೂರು ಬೇರೆ ಬೇರೆ ದಾರಿಗಳಲ್ಲಿ ಸಾಗುತ್ತದೆ. ಜೀರೋ ಬಂದದ್ದು ಆನಂತರ, ಮುಂದೇನಾಯಿತೆಂದು ಬಲ್ಲ ಓದುಗರಿಗಾಗಿ. ಅದನ್ನು ಮೊದಲೇ ನೋಡಿದರೆ, ಮೂರನೆಯ ದಾರಿಯಲ್ಲಿ ನಿಧಾನವಾಗಿ ಬಯಲಾಗಬೇಕಾದ ಗುಟ್ಟುಗಳೆಲ್ಲ ಮುಂಚಿತವಾಗಿಯೇ ಗೊತ್ತಾಗಿಬಿಡುತ್ತವೆ. ಆದ್ದರಿಂದ ಎರಡನೆಯ ದಾರಿಯನ್ನು ಹೇಳುವ, 2014ರಲ್ಲಿ ಆರಂಭವಾದ ಅನ್‌ಲಿಮಿಟೆಡ್ ಬ್ಲೇಡ್ ವರ್ಕ್ಸ್ ಸರಣಿ, ಬಳಿಕ ಮೂರನೆಯ ದಾರಿಯನ್ನು ಹೇಳುವ, 2017, 2019 ಮತ್ತು 2020ರಲ್ಲಿ ತೆರೆಕಂಡ ಹೆವೆನ್ಸ್ ಫೀಲ್‌ನ ಮೂರು ಚಿತ್ರಗಳು, ಕೊನೆಗೆ ಜೀರೋ, ಹೀಗೆ ನೋಡಿ.

ಉತ್ತರ 3 (ಕುವೆಂಪುನಗರ, ಮೈಸೂರು)

ಕ್ರಮದ ವಿಷಯದಲ್ಲಿ ಮಂಡ್ಯದವರ ಮಾತೇ ಸರಿ. ಕರ್ಣನ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ಅವನು ಬರುವುದು 2017ರ ಫೇಟ್/ಅಪೋಕ್ರಿಫಾದಲ್ಲಿ. ಕಥೆ ನಡೆಯುವುದು ರೊಮೇನಿಯಾದಲ್ಲಿ. ಕೆಂಪು ಮತ್ತು ಕಪ್ಪು ಎಂಬ ಎರಡು ಪಕ್ಷಗಳು, ಪಕ್ಷಕ್ಕೆ ಏಳು ವೀರರು. ಕರ್ಣ ಕೆಂಪು ಪಕ್ಷದ ಲ್ಯಾನ್ಸರ್, ಅಂದರೆ ಈಟಿಯ ವೀರ. ಬಿಲ್ಲುಗಾರನಿಗೆ ಈಟಿಯೇಕೆ ಎಂದು ನಿಮಗೆ ಅನ್ನಿಸಬಹುದು. ಅದು ಕವಚಕ್ಕೆ ಬದಲಾಗಿ ಇಂದ್ರನು ಕೊಟ್ಟ ಶಕ್ತ್ಯಾಯುಧ. ಇಲ್ಲಿಯೂ ಆ ಆಯುಧವನ್ನು ಪ್ರಯೋಗಿಸಬೇಕಾದರೆ ಅವನು ಮೈಗಂಟಿದ ಬಂಗಾರದ ಕವಚವನ್ನು ಕಳೆದುಕೊಳ್ಳಲೇಬೇಕು.

ಈ ಸರಣಿಯಲ್ಲಿ ವೀರನ ಬಲವೂ ಅವನ ಸಾವಿನ ದಾರಿಯೂ ಅವನ ಪುರಾಣದೊಳಗೇ ಇರುತ್ತವೆ. ಹೆಸರು ತಿಳಿದರೆ ಶತ್ರುವಿಗೆ ಅವನ ಮರ್ಮವೂ ತಿಳಿಯುತ್ತದೆ. ಗ್ರೀಕ್ ವೀರ ಅಕಿಲೀಸನಿಗೆ ಹಿಮ್ಮಡಿ, ಕಪ್ಪು ಪಕ್ಷದಲ್ಲಿರುವ ಜರ್ಮನ್ ವೀರ ಸೀಗ್‌ಫ್ರೀಡನಿಗೆ ಬೆನ್ನು. ಅದಕ್ಕಾಗಿಯೇ ಸೀಗ್‌ಫ್ರೀಡನನ್ನು ಆವಾಹಿಸಿದ ಮಾಂತ್ರಿಕ ಅವನಿಗೆ ಬಾಯಿ ತೆರೆಯಬಾರದೆಂದು ಕಟ್ಟಪ್ಪಣೆ ಮಾಡಿರುತ್ತಾನೆ. ಆರಂಭದ ಕಂತುಗಳಲ್ಲಿಯೇ ಅವನೂ ಕರ್ಣನೂ ಬೆಳಗಾಗುವವರೆಗೆ ಹೋರಾಡುತ್ತಾರೆ, ಇಬ್ಬರೂ ಸೋಲುವುದಿಲ್ಲ. ಬೇರ್ಪಡುವಾಗ ಸೀಗ್‌ಫ್ರೀಡ್ ಅಪ್ಪಣೆಯನ್ನು ಮೀರಿ, ನಿನ್ನೊಡನೆ ಮತ್ತೆ ಕಾದುವ ಆಸೆಯಿದೆ ಎನ್ನುತ್ತಾನೆ. ಕರ್ಣ ಅದನ್ನು ಗೌರವದಿಂದ ಸ್ವೀಕರಿಸುತ್ತಾನೆ. ಶತ್ರುವಿನ ಘನತೆಯನ್ನು ಬಲ್ಲ ಈ ಕರ್ಣನನ್ನು ಪಂಪನ ಕಾಲದಿಂದಲೂ ಕನ್ನಡಿಗರು ಬಲ್ಲರು.

ವೇಷದಲ್ಲಿ ಮಾತ್ರ ವ್ಯತ್ಯಾಸವಿದೆ. ನಿಮ್ಮ ಕಡೆಯ ನಾಟಕದಲ್ಲಿ ಕಾಣುವ ಮೀಸೆ, ಭುಜಕೀರ್ತಿಗಳು ಇವನಿಗಿಲ್ಲ. ಬಿಳಿಚಿದ ಮೈ, ಬಿಳಿ ಕೂದಲು, ಸಪೂರ ದೇಹ. ಕುಂತಿ ಬಂದು ಮಗನೇ ಎನ್ನುವ ಆ ಗಂಗಾತೀರದ ದೃಶ್ಯವನ್ನು ನಿರೀಕ್ಷಿಸಬೇಡಿ. ಒಟ್ಟು ಕಥೆಯೂ ಜೀರೋದಷ್ಟು ಬಿಗಿಯಾಗಿಲ್ಲ, ಪಾತ್ರಗಳು ಹೆಚ್ಚಾಗಿ ಕೆಲವರಿಗೆ ಅನ್ಯಾಯವಾಗಿದೆ. ಕರ್ಣನಿಗೆ ಆಗಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಅನ್‌ಲಿಮಿಟೆಡ್ ಬ್ಲೇಡ್ ವರ್ಕ್ಸ್ ನೋಡದೆ ನೇರವಾಗಿ ಅಪೋಕ್ರಿಫಾಗೆ ಹೋದರೆ ಕಥೆ ಅರ್ಥವಾಗುತ್ತದೆಯೇ? ಅರ್ಜುನನೂ ಇದ್ದಾನೆಯೇ?

ಉತ್ತರ 3 (ಕುವೆಂಪುನಗರ, ಮೈಸೂರು)

ಅರ್ಥವಾಗುತ್ತದೆ, ಅದು ಪ್ರತ್ಯೇಕ ಲೋಕದ ಕಥೆ. ಆದರೂ ವೀರನಿಗೆ ಮೀರಲಾಗದ ಆಜ್ಞೆ ಕೊಡಲು ಮಾಂತ್ರಿಕನ ಕೈಮೇಲಿರುವ ಮೂರು ಆಜ್ಞಾಮುದ್ರೆಗಳು, ಲ್ಯಾನ್ಸರ್‌ನಂತಹ ವೀರರ ಏಳು ವರ್ಗಗಳು ಇವೆಲ್ಲ ಮೊದಲೇ ಮನಸ್ಸಿನಲ್ಲಿದ್ದರೆ ಯುದ್ಧದ ತಂತ್ರಗಳು ಹೆಚ್ಚು ರುಚಿಸುತ್ತವೆ. ಅರ್ಜುನ ಅಪೋಕ್ರಿಫಾದಲ್ಲಿ ಹೋರಾಡುವುದಿಲ್ಲ. ಅವನನ್ನು ಕಾಣಲು ಫೇಟ್/ಗ್ರ್ಯಾಂಡ್ ಆರ್ಡರ್ ಎಂಬ ಮೊಬೈಲ್ ಆಟಕ್ಕೆ ಹೋಗಬಹುದು. ಅಲ್ಲಿ ಬಿಲ್ಲು ಅವನ ಕೈಯಲ್ಲಿದೆ.