ಮನೆಯಲ್ಲೇ ಮಾಡಿದ ಗೇರ್‌ಬಾಕ್ಸ್ ಫೌಂಡೇಶನ್ ಎರಡು ಸಲ ಸೀಳಿತು, ಮೂರನೇದು ಹೇಗೆ ಮಾಡಲಿ?

ಪ್ರಶ್ನೆ:
ಅಣ್ಣ, ನಮಸ್ಕಾರ. ನಮ್ಮೂರು ಸಕಲೇಶಪುರದ ಹತ್ತಿರ. ನನ್ನ ಹತ್ತಿರ ಒಂದು ಹಳೇ ಮಾರುತಿ ಜೆನ್ ಇದೆ. ಅದರ 993 ಸಿಸಿ ಇಂಜಿನ್ ಇಳಿಸಿ, ಎಸ್ಟೀಮ್‌ನ 1298 ಸಿಸಿ ಇಂಜಿನ್ ಮತ್ತು ಅದರದ್ದೇ ಗೇರ್‌ಬಾಕ್ಸ್ ಕೂರಿಸಿದ್ದೇನೆ. ಸದ್ಯಕ್ಕೆ ತೋಟದ ಮಣ್ಣು ರಸ್ತೆಯಲ್ಲಿ ಓಡಿಸುತ್ತೇನೆ. ಮುಂದೆ ಒಂದು ಆಟೋಕ್ರಾಸ್‌ಗಾದರೂ (ಮಣ್ಣಿನ ಟ್ರ್ಯಾಕಿನ ರೇಸ್) ಇಳಿಯಬೇಕು ಅಂತ ಆಸೆ. ಇಂಜಿನ್-ಗೇರ್‌ಬಾಕ್ಸನ್ನು ಬಾಡಿಗೆ ಹಿಡಿದಿಡುವ ಫೌಂಡೇಶನ್‌ಗಳಲ್ಲಿ ಬಲಗಡೆಯದು ಮತ್ತು ಹಿಂಭಾಗದ್ದು ಹೇಗೋ ಹೊಂದಿಕೊಂಡವು. ಎಡಗಡೆಯ ಗೇರ್‌ಬಾಕ್ಸ್ ಫೌಂಡೇಶನ್ ಮಾತ್ರ ಕೂರಲೇ ಇಲ್ಲ. ಅದಕ್ಕೆ 5 ಮಿ.ಮೀ. ಎಂ.ಎಸ್. (ಮೆದು ಉಕ್ಕು) ಪ್ಲೇಟಿನಲ್ಲಿ ನಾನೇ ಬ್ರಾಕೆಟ್ ಮಾಡಿದೆ. ಎರಡು ತಿಂಗಳಿಗೆ ವೆಲ್ಡಿಂಗ್ ಪಕ್ಕದಲ್ಲೇ ಸೀಳಿತು. ಆಮೇಲೆ 8 ಮಿ.ಮೀ. ಹಾಕಿದೆ. ಅದು ಮೂರೇ ವಾರ ಬಾಳಿದ್ದು. ಬೋಲ್ಟ್ ತೂರಿಸುವಾಗ ತೂತು ಸ್ವಲ್ಪ ಆಚೀಚೆ ಇತ್ತು, ಹಾರೆ ಹಾಕಿ ಮೀಟಿ ಕೂರಿಸಿದೆ. ಅದೇನೂ ದೊಡ್ಡ ವಿಷಯ ಅಲ್ಲ ಅಂದುಕೊಂಡಿದ್ದೇನೆ. ಇನ್ನೊಂದು, ಎರಡನೇ ಗೇರ್ ಆಗಾಗ ತಾನಾಗೇ ಹಾರಿ ನ್ಯೂಟ್ರಲ್‌ಗೆ ಬರುತ್ತೆ. ಈಗ 10 ಮಿ.ಮೀ. ಹಾಕಲಾ? ಇಲ್ಲಾ ಮಧ್ಯದ ರಬ್ಬರ್ ಬುಷ್ಷೇ ಬೇಡ ಅಂತ ಕಬ್ಬಿಣಕ್ಕೆ ಕಬ್ಬಿಣ ಬಿಗಿದುಬಿಡಲಾ?

ಉತ್ತರ (ಫ್ಯಾಬ್ರಿಕೇಟರ್, ಬೆಂಗಳೂರು):
10 ಮಿ.ಮೀ. ಹಾಕಿದರೆ ಹತ್ತು ದಿನಕ್ಕೆ ಸೀಳುತ್ತೆ. ತಮಾಷೆಗೆ ಹೇಳುತ್ತಿಲ್ಲ.

ಆ ಹಾರೆ ಹಾಕಿ ಮೀಟಿದ್ದೇ ನಿಮ್ಮ ಮೊದಲ ತಪ್ಪು. ತೂತು 4 ಮಿ.ಮೀ. ಆಚೆ ಇತ್ತು ಅಂತ ಇಟ್ಟುಕೊಳ್ಳಿ. ಬೋಲ್ಟ್ ಬಿಗಿದಾಗ ಬ್ರಾಕೆಟ್ ಅಷ್ಟೂ ಬಗ್ಗಿಯೇ ನಿಲ್ಲುತ್ತೆ. ಗಾಡಿ ಸ್ಟಾರ್ಟ್ ಮಾಡುವ ಮೊದಲೇ ಅದರ ಮೇಲೆ ಎಳೆತ ಕೂತಿರುತ್ತೆ. ತೆಳು ತಗಡನ್ನು 4 ಮಿ.ಮೀ. ಬಗ್ಗಿಸಿದರೆ ಸುಮ್ನೆ ಬಗ್ಗುತ್ತೆ. ದಪ್ಪ ಪ್ಲೇಟನ್ನು ಅಷ್ಟೇ ಬಗ್ಗಿಸಿ ನೋಡಿ, ಅದರ ಮೇಲ್ಮೈಯಲ್ಲಿ ಎಳೆತ ಜಾಸ್ತಿ ಆಗುತ್ತೆ. ನಿಮ್ಮ 8 ಮಿ.ಮೀ. ಪ್ಲೇಟು 5 ಮಿ.ಮೀ.ಗಿಂತ ಬೇಗ ಹೋಗಿದ್ದು ಅದಕ್ಕೇ.

ಎರಡನೇದು, ಹಿಂಭಾಗದ ಫೌಂಡೇಶನ್. ಹೊಂದಿಕೊಂಡಿತು ಅಂದಿರಿ. ಅದರ ರಬ್ಬರ್ ಹೇಗಿದೆ, ನೋಡಿದ್ದೀರಾ? ಎಡಬಲದ ಎರಡು ಫೌಂಡೇಶನ್ ಹೆಚ್ಚಾಗಿ ಭಾರ ಹೊರುತ್ತವೆ. ಇಂಜಿನ್ ಹಿಂದಕ್ಕೂ ಮುಂದಕ್ಕೂ ಉರುಳದ ಹಾಗೆ ಹಿಡಿಯುವ ಕೆಲಸ ಹಿಂದಿನದ್ದು. ಆ ಉರುಳುವ ಬಲ ಎಷ್ಟಿರುತ್ತೆ ಅಂತ ಸುಮಾರಾಗಿ ಲೆಕ್ಕ ಹಾಕೋಣ. ನಿಮ್ಮ ಇಂಜಿನ್ನಿನ ಟಾರ್ಕ್ (ತಿರುಚುವ ಬಲ) 110 ನ್ಯೂಟನ್ ಮೀಟರ್ ಆಸುಪಾಸು. ಮೊದಲ ಗೇರ್ ಮತ್ತು ಕ್ರೌನ್ (ಆಕ್ಸಲ್ ತಿರುಗಿಸುವ ಕೊನೆಯ ದೊಡ್ಡ ಹಲ್ಲುಚಕ್ರ) ಸೇರಿ ಅದನ್ನು ಹತ್ತಿರ ಹತ್ತಿರ 14 ಪಟ್ಟು ಮಾಡುತ್ತವೆ. ಆಕ್ಸಲ್‌ನಲ್ಲಿ 1500 ದಾಟಿತು. ಚಕ್ರವನ್ನು ಮುಂದಕ್ಕೆ ತಿರುಗಿಸುವ ಅದೇ ಬಲ ಇಂಜಿನ್-ಗೇರ್‌ಬಾಕ್ಸನ್ನು ಹಿಂದಕ್ಕೆ ಉರುಳಿಸಲು ನೋಡುತ್ತೆ. ಹಿಂದಿನ ಫೌಂಡೇಶನ್ ಆಕ್ಸಲ್‌ನಿಂದ 40 ಸೆಂ.ಮೀ. ದೂರ ಇದ್ದರೆ, ಅದೊಂದರ ಮೇಲೇ 380 ಕೆ.ಜಿ. ಆಸುಪಾಸಿನ ಎಳೆತ. ಕ್ಲಚ್ ಕಾಲು ಫಟ್ ಅಂತ ಬಿಟ್ಟರೆ ಇನ್ನೂ ಜಾಸ್ತಿ. ಅಲ್ಲಿನ ರಬ್ಬರ್ ಹರಿದಿದ್ದರೆ ಈ ತಿರುಚುವ ಬಲವೆಲ್ಲ ನಿಮ್ಮ ಬ್ರಾಕೆಟ್‌ಗೆ ಬರುತ್ತೆ. ಎರಡನೇ ಗೇರ್ ಹಾರುವುದಕ್ಕೂ ಇದೇ ಕಾರಣ ಇರಬಹುದು. ಗೇರ್‌ಬಾಕ್ಸ್ ಉರುಳಿದರೆ ಗೇರ್ ರಾಡನ್ನೂ ಎಳೆಯುತ್ತೆ.

ಪರೀಕ್ಷೆ ಸುಲಭ. ಬಾನೆಟ್ ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು, ಸ್ನೇಹಿತರಿಗೆ ಬ್ರೇಕ್ ಒತ್ತಿಕೊಂಡು ಕ್ಲಚ್ ಅರ್ಧ ಬಿಡಲು ಹೇಳಿ. ಒಮ್ಮೆ ಮೊದಲ ಗೇರ್, ಒಮ್ಮೆ ರಿವರ್ಸ್. ನೀವು ಗಾಡಿಯ ಪಕ್ಕದಲ್ಲಿ ನಿಂತು ಇಂಜಿನ್ ಎಷ್ಟು ಓಲಾಡುತ್ತೆ ನೋಡಿ. ದಯವಿಟ್ಟು ಮುಂದೆ ನಿಲ್ಲಬೇಡಿ.

ಪ್ರಶ್ನೆ (ಅವರೇ, ಮರುದಿನ):
ಅಣ್ಣ, ನೋಡಿದೆ. ರಿವರ್ಸ್‌ನಲ್ಲಿ ಇಂಜಿನ್ ಮೂರು ಬೆರಳು ಎದ್ದು ಕೂರುತ್ತೆ! ಹಿಂದಿನ ರಬ್ಬರ್ ಪೂರ್ತಿ ಹರಿದಿದೆ, ಬರೀ ಬೋಲ್ಟ್ ಮೇಲೆ ನಿಂತಿತ್ತು. ಹೊಸದು ತರಿಸಿದ್ದೇನೆ. ಈಗ ಎಡಗಡೆಯದನ್ನು ಮೊದಲಿಂದ ಮಾಡಬೇಕು. ಹೇಗೆ ಶುರು ಮಾಡಲಿ?

ಉತ್ತರ:
ಹೊಸ ಹಿಂದಿನ ಫೌಂಡೇಶನ್ ಮತ್ತು ಬಲಗಡೆಯದು ಹಾಕಿ, ಬೋಲ್ಟ್ ಸಡಿಲವಾಗೇ ಇರಲಿ. ಗೇರ್‌ಬಾಕ್ಸ್ ಕೆಳಗೆ ಮರದ ತುಂಡಿಟ್ಟು ಜಾಕಿ ಕೊಡಿ. ಇಂಜಿನ್ ತನ್ನ ಜಾಗದಲ್ಲಿ ನಿಲ್ಲಲಿ. ಎರಡೂ ಕಡೆಯ ಆಕ್ಸಲ್ ಹಾಕಿ, ಚಕ್ರವನ್ನು ಪೂರ್ತಿ ಕೆಳಗೆ ಬಿಟ್ಟು, ಪೂರ್ತಿ ಮೇಲಕ್ಕೆತ್ತಿ ನೋಡಿ. ಒಳಗಿನ ಜಾಯಿಂಟ್‌ಗೆ ಎರಡೂ ತುದಿಯಲ್ಲಿ ಸ್ವಲ್ಪ ಆಟ ಉಳಿದಿರಬೇಕು. ಗೇರ್ ಐದೂ, ರಿವರ್ಸೂ ಸಲೀಸಾಗಿ ಬೀಳಬೇಕು. ಇಷ್ಟಾದ ಮೇಲೆ ಗೇರ್‌ಬಾಕ್ಸನ್ನು ಮುಟ್ಟಬೇಡಿ. ಬ್ರಾಕೆಟ್ ಅದಕ್ಕೆ ಹೊಂದಿಕೊಳ್ಳಬೇಕು, ಅದು ಬ್ರಾಕೆಟ್‌ಗಲ್ಲ.

ಮೊದಲು ರಟ್ಟಿನಲ್ಲಿ ಕತ್ತರಿಸಿ ನೋಡಿ. ನಾನು ಇಷ್ಟು ವರ್ಷ ಆದರೂ ಕಾರ್ಟನ್ ಬಾಕ್ಸ್ ಎಸೆಯುವುದಿಲ್ಲ, ಮನೆಯಲ್ಲಿ ಬೈಸಿಕೊಳ್ಳುತ್ತೇನೆ. ರಟ್ಟು ಕೂತರೆ 5 ಮಿ.ಮೀ. ಪ್ಲೇಟು ಸಾಕು. ದಪ್ಪದ ಬದಲು ಆಕಾರದಿಂದ ಗಟ್ಟಿತನ ಬರಲಿ. ಎರಡು ಪ್ಲೇಟು ಎದುರುಬದುರು ನಿಲ್ಲಿಸಿ, ಮಧ್ಯೆ ಅಡ್ಡ ಪಟ್ಟಿ, ಮೂಲೆಗೆ ತ್ರಿಕೋನದ ತುಂಡು. ಒಳಮೂಲೆಗಳು ಚೂಪಾಗಿರಬಾರದು, ದುಂಡಗೆ ಉಜ್ಜಿ. ಸೀಳು ಹುಟ್ಟುವುದೇ ಚೂಪು ಮೂಲೆಯಲ್ಲಿ. ವೆಲ್ಡಿಂಗನ್ನು ತ್ರಿಕೋನದ ತುದಿಯಲ್ಲಿ ನಿಲ್ಲಿಸಬೇಡಿ, ತುದಿಯನ್ನು ಸುತ್ತಿಕೊಂಡು ಬನ್ನಿ.

ಟ್ಯಾಕ್ (ತುಂಡುಗಳನ್ನು ಹಿಡಿದಿಡುವ ಚುಕ್ಕೆ ವೆಲ್ಡ್) ಮಾತ್ರ ಗಾಡಿಯ ಮೇಲೆ ಹೊಡೆಯಿರಿ. ಬ್ಯಾಟರಿ ಬಿಚ್ಚಿ, ಅರ್ಥ್ ಕ್ಲಾಂಪನ್ನು ಬ್ರಾಕೆಟ್‌ಗೇ ಕಚ್ಚಿಸಿ. ಕರೆಂಟ್ ಗೇರ್‌ಬಾಕ್ಸ್ ಮೂಲಕ ಹರಿದರೆ ಬೇರಿಂಗ್ ಸುಡುತ್ತೆ. ಪೂರ್ತಿ ವೆಲ್ಡಿಂಗ್ ಬೆಂಚಿನ ಮೇಲೆ, ಬುಷ್ ಹೊರಗಿಟ್ಟು ಮಾಡಿ. ಸಾಧ್ಯವಾದರೆ ಸಿಒ2 ವೆಲ್ಡಿಂಗ್. ಬ್ರಾಕೆಟನ್ನು ಒಂದು ದಪ್ಪ ಪ್ಲೇಟಿಗೆ ಬೋಲ್ಟ್ ಹಾಕಿ ಹಿಡಿದುಕೊಂಡೇ ವೆಲ್ಡ್ ಮಾಡಿ, ತಣ್ಣಗಾದ ಮೇಲೆ ಬಿಚ್ಚಿ. ಇಲ್ಲದಿದ್ದರೆ ಬಿಸಿಗೆ ಎಳೆದುಕೊಂಡು ತೂತು ಮತ್ತೆ ಆಚೀಚೆ ಆಗುತ್ತೆ, ಮತ್ತೆ ನೀವು ಹಾರೆ ಹುಡುಕುತ್ತೀರಿ.

ಇನ್ನೊಂದು ಜಾಗ ಎಲ್ಲರೂ ಮರೆಯುತ್ತಾರೆ. ಬ್ರಾಕೆಟ್ ಬಾಡಿಗೆ ಕೂರುವ ಕಡೆ. ಚಾಸಿ ಪೆಟ್ಟಿಗೆಯ ತಗಡು ತೆಳು. ಬೋಲ್ಟ್ ಅಡ್ಡಕ್ಕೆ ತೂರಿಸಿ ಬಿಗಿದರೆ ಪೆಟ್ಟಿಗೆ ಚಪ್ಪಟೆಯಾಗುತ್ತೆ. ಒಳಗೆ ಪೈಪಿನ ತುಂಡು ಕೂರಿಸಿ, ಹೊರಗೆ 3 ಮಿ.ಮೀ. ಪಟ್ಟಿ ವೆಲ್ಡ್ ಮಾಡಿ, ಆಮೇಲೆ ಬೋಲ್ಟ್. ಬೋಲ್ಟ್ ತಲೆಯ ಮೇಲೆ 8.8 ಅಥವಾ 10.9 (ಬೋಲ್ಟಿನ ಗಟ್ಟಿತನದ ದರ್ಜೆ) ಅಂತ ಬರೆದಿರಬೇಕು, ಅದನ್ನು ಯಾವತ್ತೂ ವೆಲ್ಡ್ ಮಾಡಬೇಡಿ. ಗೇರ್‌ಬಾಕ್ಸ್ ಕಡೆ ಅಲ್ಯೂಮಿನಿಯಂ. 10 ಮಿ.ಮೀ. ಬೋಲ್ಟ್ ಕಡಿಮೆ ಅಂದರೂ 15 ಮಿ.ಮೀ. ಥ್ರೆಡ್ ಒಳಗೆ ಹೋಗಬೇಕು.

ಮತ್ತೊಬ್ಬ ಸದಸ್ಯರು:
ಬುಷ್ ಬಗ್ಗೆ ಹೇಳಲೇ ಇಲ್ಲವಲ್ಲ ಸರ್. ನಾನು ಹಳೇ ರಬ್ಬರ್ ಫೌಂಡೇಶನ್‌ನ ಸಂದಿಗೆ ಗಾಡಿ ಗ್ಲಾಸ್ ಅಂಟಿಸುವ ಪಿಯು (ಪಾಲಿಯುರೆಥೇನ್) ಪೇಸ್ಟ್ ತುಂಬಿದ್ದೇನೆ. ನಡೆಯುತ್ತಾ?

ಉತ್ತರ:
ನಡೆಯುತ್ತೆ, ಅಗ್ಗದ ಉಪಾಯ. ಆದರೆ ಆ ಪೇಸ್ಟ್ ಗಾಳಿಯ ತೇವದಿಂದ ಗಟ್ಟಿಯಾಗುವಂಥದ್ದು. ಮೇಲೆ ಒಣಗಿದ ಹಾಗೆ ಕಾಣುತ್ತೆ, ಒಳಗೆ ವಾರ ಕಳೆದರೂ ಹಸಿ ಇರಬಹುದು. ಸ್ವಲ್ಪ ಸ್ವಲ್ಪ ತುಂಬಿ, ಪ್ರತಿ ಪದರಕ್ಕೂ ಒಣಗಲು ದಿನಗಟ್ಟಲೆ ಬಿಡಿ.

ಜೆನ್ ಅವರಿಗೆ ನನ್ನ ಸಲಹೆ ಪಿಯು ಬುಷ್. ಬೆಂಗಳೂರಿನ ಎಸ್.ಜೆ.ಪಿ. ರೋಡಿನ ಕಡೆ ಹಳದಿ ಪಿಯು ರಾಡ್ ಸಿಗುತ್ತೆ, ಸಾಮಾನ್ಯವಾಗಿ 90 ಶೋರ್ ಎ (ಇದು ಗಟ್ಟಿತನದ ಅಳತೆ, ಅಂಕಿ ಹೆಚ್ಚಾದಷ್ಟೂ ಗಟ್ಟಿ). ಕಂಪನಿ ರಬ್ಬರ್ ಸುಮಾರು 50ರಿಂದ 60. 90 ಹಾಗೇ ಹಾಕಿದರೆ ಗಾಡಿ ಜೇನುಗೂಡಿನ ಹಾಗೆ ಗುಯ್‌ಗುಡುತ್ತೆ. 70-75 ಸಿಕ್ಕಿದರೆ ಅದನ್ನೇ ತಗೊಳ್ಳಿ. ಇಲ್ಲದಿದ್ದರೆ 90ರಲ್ಲೇ ಬುಷ್ ಮಾಡಿ, ನಡುವಿನ ತೂತಿನ ಮೇಲೂ ಕೆಳಗೂ ಸಣ್ಣ ತೂತು ಕೊರೆಯಿರಿ. ಮೇಲೆ ಕೆಳಗೆ ಮೆತ್ತಗಾಗುತ್ತೆ, ಹಿಂದೆ ಮುಂದೆ ಗಟ್ಟಿಯಾಗೇ ಇರುತ್ತೆ. ಲೇತ್‌ನಲ್ಲಿ ಪಿಯು ಟೂಲಿಗೆ ಸಿಗದೆ ಜಾರುತ್ತೆ. ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು ಬೆಳಿಗ್ಗೆ ಚೂಪಾದ ಟೂಲಲ್ಲಿ ತಿರುವಿ. ಫ್ರೀಜರ್ ಯಾರದ್ದು ಅನ್ನುವುದು ನಿಮ್ಮ ಮನೆಯ ವಿಷಯ.

ನಡುವಿನ ಕಬ್ಬಿಣದ ತೋಳು (ಬೋಲ್ಟ್ ತೂರುವ ಕೊಳವೆ) ಬುಷ್‌ಗಿಂತ ಒಂದು ಮಿ.ಮೀ. ಉದ್ದ ಇರಲಿ. ಬೋಲ್ಟ್ ಆ ತೋಳನ್ನು ಬಿಗಿಯಬೇಕು. ಪಿಯುವನ್ನೇ ಬಿಗಿದರೆ ಅದು ಅದುಮಿಕೊಂಡು ಕಲ್ಲಾಗುತ್ತೆ, ಬೋಲ್ಟೂ ದಿನಾ ಸಡಿಲ ಆಗುತ್ತೆ. ಎಲ್ಲ ಹಾಕಿದ ಮೇಲೆ ಜಾಕಿ ಇಳಿಸಿ, ಇಂಜಿನ್ ಎರಡು ನಿಮಿಷ ಓಡಿಸಿ ನಿಲ್ಲಿಸಿ. ಭಾರ ತಾನಾಗಿ ಕೂತ ಮೇಲೆ ಕೊನೆಯ ಬಿಗಿತ.

ಪ್ರಶ್ನೆ (ಜೆನ್ ಅವರು):
ಕಬ್ಬಿಣಕ್ಕೆ ಕಬ್ಬಿಣ ಬೇಡವೇ ಬೇಡವಾ? ರ‍್ಯಾಲಿ ಗಾಡಿಗಳಲ್ಲಿ ಹಾಗೇ ಇರುತ್ತೆ ಅಂತ ಇಲ್ಲಿ ಒಬ್ಬರು ಹೇಳಿದರು.

ಉತ್ತರ:
ಬೇಡ. ಗುಂಡಿಗೆ ಬಿದ್ದಾಗ ಬಾಡಿ ತಿರುಚಿಕೊಳ್ಳುತ್ತೆ. ಮೆತ್ತಗಿನದು ಎಲ್ಲೂ ಇಲ್ಲದಿದ್ದರೆ ಗೇರ್‌ಬಾಕ್ಸ್ ಕೇಸಿಂಗಿನಲ್ಲಿ ಬೋಲ್ಟ್ ಕೂರುವ ಕಿವಿ ಮುರಿಯುತ್ತೆ. ಬ್ರಾಕೆಟ್ ಮುರಿದರೆ ಒಂದು ಭಾನುವಾರ ಹೋಯ್ತು. ಕಿವಿ ಮುರಿದರೆ ಶಿವಾಜಿನಗರದ ಗುಜರಿಯಲ್ಲಿ ಇನ್ನೊಂದು ಗೇರ್‌ಬಾಕ್ಸ್ ಹುಡುಕಬೇಕು.

ಸ್ಪರ್ಧೆಗೆ ಇಳಿಯುವ ಮೊದಲು ನೀವು ಸೇರುವ ಕ್ಲಾಸಿನ (ಸ್ಪರ್ಧೆಯ ವಿಭಾಗ) ನಿಯಮ ಓದಿ. ಎಫ್‌ಎಂಎಸ್‌ಸಿಐ (ದೇಶದ ಮೋಟಾರು ಕ್ರೀಡಾ ಒಕ್ಕೂಟ) ಅಡಿ ನಡೆಯುವ ಸ್ಪರ್ಧೆಗಳಲ್ಲಿ ಏನು ಬದಲಿಸಬಹುದು ಅನ್ನುವುದು ಕ್ಲಾಸಿನ ಮೇಲೆ ಹೋಗುತ್ತೆ, ಸ್ಕ್ರೂಟಿನಿಯಲ್ಲಿ (ಸ್ಪರ್ಧೆಗೆ ಮೊದಲಿನ ಗಾಡಿ ತಪಾಸಣೆ) ವಾದ ನಡೆಯುವುದಿಲ್ಲ. ರಸ್ತೆಯಲ್ಲೂ ಓಡಿಸುತ್ತೀರಿ ಅಂದರೆ ಇಂಜಿನ್ ಬದಲಿಸಿದ್ದು ಆರ್‌ಸಿಯಲ್ಲಿ ದಾಖಲಾಗಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೇ ಇರುವುದು.

ಪ್ರಶ್ನೆ (ಜೆನ್ ಅವರು, ಐದು ವಾರದ ನಂತರ):
ಅಣ್ಣ, 5 ಮಿ.ಮೀ.ನಲ್ಲೇ ಮಾಡಿದೆ. ಬೋಲ್ಟ್ ಬೆರಳಲ್ಲೇ ತಿರುಗಿ ಒಳಗೆ ಹೋಯ್ತು, ಹಾರೆ ಮುಟ್ಟಲಿಲ್ಲ. ಎರಡನೇ ಗೇರ್ ಈಗ ಹಾರುತ್ತಿಲ್ಲ. ಆದರೆ ನಿಂತಲ್ಲಿ ಇಂಜಿನ್ ಓಡುವಾಗ ಕನ್ನಡಿ ನಡುಗುತ್ತೆ. ಮತ್ತೆ ಸೀಳು ಬಂದಿದೆಯಾ ಅಂತ ಹೇಗೆ ನೋಡುವುದು? ಕಣ್ಣಿಗೆ ಏನೂ ಕಾಣುತ್ತಿಲ್ಲ.

ಉತ್ತರ:
ಕನ್ನಡಿ ನಡುಗಲಿ ಬಿಡಿ, ಪಿಯು ಹಾಕಿದ ಮೇಲೆ ಅಷ್ಟು ಇದ್ದಿದ್ದೇ. ತೀರಾ ತಡೆಯಲಾಗದಿದ್ದರೆ ಐಡಲ್ ಒಂದು 50 ಆರ್‌ಪಿಎಂ ಏರಿಸಿ.

ಸೀಳಿಗೆ ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಮೂರು ಸ್ಪ್ರೇ ಡಬ್ಬಿಯ ಸೆಟ್ ಸಿಗುತ್ತೆ. ಒಂದು ಕ್ಲೀನರ್, ಒಂದು ಕೆಂಪು ಬಣ್ಣ, ಒಂದು ಬಿಳಿ ಪುಡಿ. ಬ್ರಾಕೆಟ್ ಬಿಚ್ಚಿ, ಪೇಂಟ್ ತೆಗೆದು, ತೊಳೆದು, ಕೆಂಪು ಹೊಡೆದು ಹತ್ತು ನಿಮಿಷ ಬಿಡಿ. ಒರೆಸಿ ಬಿಳಿ ಹೊಡೆಯಿರಿ. ಸೀಳಿದ್ದರೆ ಕೂದಲಿನಷ್ಟು ಸಣ್ಣ ಕೆಂಪು ಗೆರೆ ಎದ್ದು ಬರುತ್ತೆ. ತ್ರಿಕೋನದ ತುದಿಗಳನ್ನು ಮೊದಲು ನೋಡಿ. ಏನೂ ಕಾಣದಿದ್ದರೆ ತಿಳಿ ಬಣ್ಣದ ಪೇಂಟನ್ನೇ ಹೊಡೆಯಿರಿ, ಕಪ್ಪು ಬೇಡ. ಮುಂದಿನ ಸಲ ಬಿಚ್ಚದೇನೇ ತುಕ್ಕಿನ ಗೆರೆ ಕಾಣುತ್ತೆ.