ಸಹಾಯ ಬೇಕು: ಎಲೀಯನಿಗೆ ಕೇಳಿಸಿದ್ದು ಸ್ವರವೋ, ಮೌನವೋ?

ಎಲ್ಲರಿಗೂ ವಂದನೆಗಳು. ಈ ಭಾನುವಾರ ಸಂಡೇ ಸ್ಕೂಲ್ ಮಕ್ಕಳಿಗೆ ಬೈಬಲಿನ 1 ಅರಸುಗಳು ಪುಸ್ತಕದ 19ನೇ ಅಧ್ಯಾಯ ಹೇಳಿಕೊಡಬೇಕು. ಒಂದು ಕಡೆ ಸಿಕ್ಕಿಕೊಂಡಿದ್ದೇನೆ.

ರಾಣಿ ಈಜೆಬೆಲಳಿಗೆ ಹೆದರಿ ಓಡಿಬಂದ ಪ್ರವಾದಿ ಎಲೀಯ ಹೋರೇಬ್ ಬೆಟ್ಟದ ಗುಹೆಯಲ್ಲಿದ್ದಾನೆ. ಬಂಡೆ ಸೀಳುವ ಗಾಳಿ, ಭೂಕಂಪ, ಬೆಂಕಿ. ಯಾವುದರಲ್ಲೂ ದೇವರಿಲ್ಲ. ಆಮೇಲೆ 12ನೇ ವಚನದಲ್ಲಿ, ಮೂಲ ಹೀಬ್ರೂನಲ್ಲಿ ಮೂರೇ ಪದ: ‘ಕೋಲ್ ದೆಮಾಮಾ ದಕ್ಕಾ’. ಕೋಲ್ ಅಂದರೆ ಸದ್ದು, ಸ್ವರ. ದಕ್ಕಾ ಅಂದರೆ ತೆಳುವಾದದ್ದು. ಆದರೆ ದೆಮಾಮಾ ಅಂದರೆ ಮೌನ! ಅದು ಕೇಳಿಸಿದ್ದೇ ತಡ, ಎಲೀಯ ಕಂಬಳಿಯಿಂದ ಮುಖ ಮುಚ್ಚಿಕೊಂಡು ಗುಹೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಈ ಸಾಲು ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ದೆಮಾಮಾ ಬೈಬಲಿನಲ್ಲಿ ಇನ್ನೆಲ್ಲಿ ಬರುತ್ತದೆ ಅಂತ ಹುಡುಕಿದೆ. ಇನ್ನೆರಡೇ ಕಡೆ. ಕೀರ್ತನೆ 107:29ರಲ್ಲಿ ಬಿರುಗಾಳಿ ಅಡಗಿದ ಶಾಂತಿ. ಯೋಬ 4:16ರಲ್ಲಿ ಮೌನದ ಜೊತೆಗೇ ಒಂದು ಸ್ವರ. ಗೊಂದಲ ಇನ್ನೂ ಜಾಸ್ತಿಯಾಯಿತು.

ಯಾಕಂದರೆ ಎಲೀಯನ ಅಧ್ಯಾಯದ 13ನೇ ವಚನದಲ್ಲಿ ಮತ್ತೊಂದು ‘ಕೋಲ್’ ಬಂದು, ಇಲ್ಲಿ ಏನು ಮಾಡುತ್ತಿದ್ದೀ ಅಂತ ಕೇಳುತ್ತದೆ. 9ನೇ ವಚನದಲ್ಲಿ ಕೇಳಿದ್ದೂ ಇದೇ ಪ್ರಶ್ನೆ, ಅಲ್ವಾ?

ಹೀಬ್ರೂ ಬಲ್ಲವರು ದಯವಿಟ್ಟು ತಿಳಿಸಿ: 12ನೇ ವಚನದ ಕೋಲ್, 13ನೇ ವಚನದ ಕೋಲ್ ಎರಡೂ ಒಂದೇನಾ? ಅಥವಾ ಮೊದಲು ಬರೀ ಮೌನ, ಆಮೇಲೆ ದೇವರ ಮಾತು ಅಂತ ಓದಬೇಕಾ?